ಹೊಸ ಸೈಕಲ್ ಮತ್ತು ಫಿಟ್‌ನೆಸ್ ಟ್ರ್ಯಾಕರ್: ಮೊದಲ ಮೂರು ತಿಂಗಳ ಸಮಗ್ರ ಮಾರ್ಗದರ್ಶಿ

ಹೊಸ ಸೈಕಲ್ ಬಂದ ಮೊದಲ ವಾರ ಎಲ್ಲರೂ ತುಳಿಯುತ್ತಾರೆ. ಕಷ್ಟ ಶುರುವಾಗುವುದು ಐದನೇ ವಾರವೋ ಆರನೇ ವಾರವೋ. ಅಷ್ಟರಲ್ಲಿ ಸೀಟು ಒತ್ತುತ್ತಿರುತ್ತದೆ, ಮಂಡಿ ನೋಯುತ್ತಿರುತ್ತದೆ, ಕೈಯಲ್ಲಿರುವ ವಾಚು ‘ಇವತ್ತಿನ ಗುರಿ ಮುಟ್ಟಿಲ್ಲ’ ಎಂದು ದಿನಾ ಗೊಣಗುತ್ತಿರುತ್ತದೆ. ಆಮೇಲೆ ಸೈಕಲ್ಲು ಮೂಲೆ ಸೇರುತ್ತದೆ, ವಾಚು ಬರೀ ಟೈಮ್ ನೋಡಲು ಉಳಿಯುತ್ತದೆ.

ಇದಕ್ಕೆ ಸೋಮಾರಿತನವೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಸೈಕಲ್ಲು ಮೈಗೆ ಹೊಂದಿರುವುದಿಲ್ಲ. ಟ್ರ್ಯಾಕರ್ ತೋರಿಸುವ ಅಂಕಿಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಒಂದು ಸಲ ತುಳಿದು ಬಂದರೆ ಆಪ್ ರಾಶಿ ಅಂಕಿ ತೋರಿಸುತ್ತದೆ. ಹೊಸಬರಿಗೆ ಬೇಕಾದ್ದು ಮೂರೇ: ವಾರದಲ್ಲಿ ಎಷ್ಟು ನಿಮಿಷ ತುಳಿದಿರಿ, ತುಳಿಯುವಾಗ ಎದೆಬಡಿತ ಎಷ್ಟಿತ್ತು, ಬೆಳಿಗ್ಗೆ ಏಳುವಾಗ ಎಷ್ಟಿತ್ತು. ಉಳಿದದ್ದನ್ನು ಕುತೂಹಲಕ್ಕೆ ನೋಡಿ. ಅದನ್ನು ನಂಬಿ ತೀರ್ಮಾನ ಮಾಡಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೃದಯದ ತೊಂದರೆ, ಬಿಪಿ, ಶುಗರ್ ಇರುವವರು, ವರ್ಷಗಟ್ಟಲೆ ಮೈ ದಂಡಿಸದೇ ಇದ್ದವರು ಶುರು ಮಾಡುವ ಮುನ್ನ ಡಾಕ್ಟರನ್ನು ಕೇಳಿ.

ಹಂತ 1: ಸೀಟಿನ ಎತ್ತರ

ಅಂಗಡಿಯಿಂದ ಬಂದ ಸೈಕಲ್ಲಿನ ಸೀಟು ಸಾಮಾನ್ಯವಾಗಿ ತಗ್ಗಿನಲ್ಲಿರುತ್ತದೆ. ಎರಡೂ ಪಾದ ನೆಲಕ್ಕೆ ತಾಗಿದರೆ ಧೈರ್ಯ ಅಲ್ವಾ, ಅದಕ್ಕೆ ನಾವೂ ಹಾಗೇ ಬಿಟ್ಟುಬಿಡುತ್ತೇವೆ. ಆದರೆ ತಗ್ಗಿನ ಸೀಟಿನಲ್ಲಿ ಮಂಡಿ ಪ್ರತಿ ಸುತ್ತಿಗೂ ಜಾಸ್ತಿ ಮಡಚಿಕೊಳ್ಳುತ್ತದೆ. ನಿಮಿಷಕ್ಕೆ 70 ಸುತ್ತು ಎಂದರೂ ಅರ್ಧ ಗಂಟೆಗೆ 2,100 ಸಲ. ಮಂಡಿಚಿಪ್ಪಿನ ಮುಂಭಾಗದಲ್ಲಿ ನೋವು ಬರಲು ಅಷ್ಟು ಸಾಕು.

ಸರಿ ಮಾಡಲು ಹೀಗೆ ಮಾಡಿ. ಸೈಕಲ್ಲನ್ನು ಗೋಡೆ ಪಕ್ಕ ನಿಲ್ಲಿಸಿ, ಒಂದು ಕೈಯಲ್ಲಿ ಗೋಡೆ ಹಿಡಿದು ಹತ್ತಿ ಕೂರಿ. ತುಳಿಯುವಾಗ ಹಾಕುವ ಶೂ ಕಾಲಲ್ಲಿರಲಿ. ಒಂದು ಪೆಡಲ್ಲನ್ನು ಪೂರ್ತಿ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ಪೂರ್ತಿ ನೇರವಾಗಬೇಕು, ಆದರೆ ಸೊಂಟ ಆ ಕಡೆಗೆ ವಾಲಬಾರದು. ಮಂಡಿ ಮಡಚಿಯೇ ಇದ್ದರೆ ಸೀಟು ಏರಿಸಿ. ಹಿಮ್ಮಡಿ ಪೆಡಲಿಗೆ ಮುಟ್ಟದಿದ್ದರೆ ಇಳಿಸಿ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ಬೇಡ. ಇದು ಸರಿಹೋದ ಮೇಲೆ ಪಾದದ ಮುಂಭಾಗವನ್ನು, ಅಂದರೆ ಹೆಬ್ಬೆರಳಿನ ಬುಡದ ಉಬ್ಬನ್ನು, ಪೆಡಲಿನ ಮೇಲಿಟ್ಟರೆ ಮಂಡಿ ತಾನಾಗಿಯೇ ಸ್ವಲ್ಪ ಬಾಗುತ್ತದೆ. ಆ ಬಾಗು 25ರಿಂದ 35 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಕೋನಮಾಪಕ ಹುಡುಕಬೇಕಿಲ್ಲ. ಪಕ್ಕದಲ್ಲಿ ನಿಂತವರಿಗೆ ಫೋನಿನಲ್ಲಿ ಒಂದು ಫೋಟೋ ತೆಗೆಯಲು ಹೇಳಿದರೆ ಕಣ್ಣಿಗೇ ಗೊತ್ತಾಗುತ್ತದೆ.

ಲೆಕ್ಕ ಇಷ್ಟಪಡುವವರಿಗೆ ಇನ್ನೊಂದು ದಾರಿಯಿದೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಯ ಸಂದಿನಿಂದ ನೆಲದವರೆಗೆ ಕಾಲಿನ ಒಳಬದಿಯನ್ನು ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. ಕಾಲಿನ ಅಳತೆ 80 ಸೆಂಟಿಮೀಟರ್ ಇದ್ದರೆ ಉತ್ತರ 70.6. ಪೆಡಲಿನ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇಷ್ಟು ದೂರ ಇರಬೇಕು. ಇದು ಶುರುಮಾಡಲು ಒಂದು ಜಾಗ ಅಷ್ಟೇ. ಕೊನೆಯ ಮಾತು ನಿಮ್ಮ ಮಂಡಿಯದ್ದು.

ಸೀಟಿನ ಕಂಬದ ಮೇಲೆ ಒಂದು ಗೆರೆ ಕೆತ್ತಿರುತ್ತಾರೆ. ಅದು ಫ್ರೇಮಿನಿಂದ ಹೊರಗೆ ಕಾಣುವಷ್ಟು ಸೀಟು ಎತ್ತಬೇಡಿ, ಕಂಬ ಮುರಿಯಬಹುದು, ಫ್ರೇಮೂ ಬಿರುಕು ಬಿಡಬಹುದು. ಗೆರೆ ದಾಟದೆ ಎತ್ತರ ಸಾಲದಿದ್ದರೆ ಆ ಸೈಕಲ್ಲೇ ನಿಮಗೆ ಚಿಕ್ಕದು. ಸರಿಯಾದ ಎತ್ತರ ಸಿಕ್ಕ ಮೇಲೆ ಕಂಬದ ಸುತ್ತ ಒಂದು ತುಂಡು ಟೇಪು ಸುತ್ತಿಬಿಡಿ. ಮನೆಯಲ್ಲಿ ಬೇರೆಯವರೂ ಅದೇ ಸೈಕಲ್ ಹತ್ತುವವರಿದ್ದರೆ ಈ ಟೇಪಿನ ಬೆಲೆ ಗೊತ್ತಾಗುತ್ತದೆ.

ಸೀಟು ನೆಲಕ್ಕೆ ಸಮಾನಾಂತರವಾಗಿರಲಿ. ಮೂತಿ ಮೇಲಕ್ಕಿದ್ದರೆ ಒತ್ತುತ್ತದೆ. ಕೆಳಕ್ಕಿದ್ದರೆ ಮುಂದಕ್ಕೆ ಜಾರುತ್ತೀರಿ, ಆಗ ಮೈಭಾರವೆಲ್ಲ ಅಂಗೈ ಮೇಲೆ ಬಿದ್ದು ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ.

ಹಂತ 2: ಹೊರಡುವ ಮುನ್ನ, ಮತ್ತು ಮೊದಲ ತಿಂಗಳು

ಪ್ರತಿಸಲ ನೋಡಬೇಕಾದ್ದು ಗಾಳಿ, ಬ್ರೇಕು, ಚೈನು. ಪಂಕ್ಚರ್ ಆಗದಿದ್ದರೂ ರಬ್ಬರ್ ಟ್ಯೂಬಿನಿಂದ ಗಾಳಿ ನಿಧಾನಕ್ಕೆ ಸೋರುತ್ತಲೇ ಇರುತ್ತದೆ. ತೆಳು ಟೈರಿನಲ್ಲಿ ಇನ್ನೂ ಬೇಗ. ಎಷ್ಟು ಗಾಳಿ ತಡೆಯುತ್ತದೆ ಎಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅದು ಗರಿಷ್ಠ ಮಿತಿ, ಅಷ್ಟೂ ತುಂಬಲೇಬೇಕು ಅಂತಿಲ್ಲ. ಹೆಬ್ಬೆರಳಲ್ಲಿ ಒತ್ತಿ ನೋಡುವುದು ಅಂದಾಜು ಮಾತ್ರ. ಮೀಟರ್ ಇರುವ ಪಂಪು ತೆಗೆದುಕೊಂಡು ವಾರಕ್ಕೊಮ್ಮೆ ಹೊಡೆಯಿರಿ. ಗಾಳಿ ಕಡಿಮೆಯಿದ್ದರೆ ಸೈಕಲ್ ಭಾರ ಅನ್ನಿಸುತ್ತದೆ, ನೀವೋ ನಿಮ್ಮ ಫಿಟ್‌ನೆಸ್ ಸಾಲದು ಅಂದುಕೊಳ್ಳುತ್ತೀರಿ.

ಡಿಸ್ಕ್ ಬ್ರೇಕ್ ಇದ್ದರೆ ಹೊಸದರಲ್ಲಿ ಅಷ್ಟಾಗಿ ಹಿಡಿಯುವುದಿಲ್ಲ. ವಾಹನಗಳಿಲ್ಲದ ಕಡೆ ಗಂಟೆಗೆ 20 ಕಿಲೋಮೀಟರ್ ವೇಗಕ್ಕೆ ಬಂದು, ಚಕ್ರ ಪೂರ್ತಿ ನಿಲ್ಲದಂತೆ, ನಡಿಗೆಯ ವೇಗಕ್ಕೆ ಇಳಿಯುವವರೆಗೆ ಗಟ್ಟಿಯಾಗಿ ಒತ್ತಿ. ಒಂದೊಂದು ಬ್ರೇಕಿಗೂ ಸುಮಾರು 20 ಸಲ. ಹಿಡಿತ ಹೆಚ್ಚುತ್ತಾ ಹೋಗುವುದು ಬೆರಳಿಗೇ ತಿಳಿಯುತ್ತದೆ. ಡಿಸ್ಕಿಗೆ ಎಣ್ಣೆ ಕೈ ತಾಗಿಸಬೇಡಿ.

ಕೆಲವು ವಾರ ಕಳೆದ ಮೇಲೆ ಗೇರು ಕಟಕಟ ಅನ್ನಲು ಶುರುವಾದರೆ ಗಾಬರಿ ಬೇಡ. ಹೊಸ ಕೇಬಲ್ಲು ತನ್ನ ಜಾಗದಲ್ಲಿ ಕೂತು ಸ್ವಲ್ಪ ಸಡಿಲವಾಗಿರುತ್ತದೆ. ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನು ಏರಲು ತಡಮಾಡುತ್ತಿದ್ದರೆ, ಕೇಬಲ್ ಬಂದು ಸೇರುವ ಕಡೆ ಇರುವ ಸಣ್ಣ ತಿರುಪನ್ನು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ನೋಡಿ. ಸಾಮಾನ್ಯವಾಗಿ ಒಂದೆರಡು ಕಾಲು ಸುತ್ತಿಗೆ ಸರಿಹೋಗುತ್ತದೆ. ಇದೇ ಹೊತ್ತಿಗೆ ಹ್ಯಾಂಡಲ್, ಪೆಡಲ್, ಪೆಡಲಿನ ತೋಳುಗಳ ಬೋಲ್ಟುಗಳನ್ನೂ ಒಮ್ಮೆ ನೋಡಿಬಿಡಿ. ಎಡಗಡೆಯ ಪೆಡಲಿಗೆ ಉಲ್ಟಾ ಮರೆ, ಅಂದರೆ ಉಲ್ಟಾ ಸುತ್ತುವ ತಿರುಪಿನ ಗೆರೆ, ಇರುತ್ತದೆ. ಅದನ್ನು ಬಿಗಿ ಮಾಡಬೇಕಾದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಗೊತ್ತಿಲ್ಲದೆ ಬಲಪ್ರಯೋಗ ಮಾಡಿದರೆ ಮರೆ ಕಿತ್ತುಹೋಗುತ್ತದೆ.

ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಲಿ, ಗಲ್ಲದ ಪಟ್ಟಿಯೊಳಗೆ ಒಂದು ಬೆರಳು ಮಾತ್ರ ತೂರಲಿ. ಹಣೆ ತೋರಿಸಿಕೊಂಡು ಹಿಂದಕ್ಕೆ ಹಾಕಿದ ಹೆಲ್ಮೆಟ್ಟಿನಿಂದ ಹಣೆಗೆ ರಕ್ಷಣೆ ಇಲ್ಲ.

ಹಂತ 3: ಯಾವುದರಲ್ಲಿ ಅಳೆಯುವುದು?

ನಿಮ್ಮ ಹತ್ತಿರ ಆಗಲೇ ಇರುವುದರಲ್ಲಿ ಶುರು ಮಾಡಿ. ಜೇಬಿನಲ್ಲಿರುವ ಫೋನು ಸಮಯ, ದೂರ, ದಾರಿ ಇಷ್ಟನ್ನೂ ಜಿಪಿಎಸ್ಸಿನಿಂದ ಬರೆದುಕೊಳ್ಳುತ್ತದೆ. ಮೊದಲ ತಿಂಗಳಿಗೆ ಇದು ಸಾಕೇ ಸಾಕು. ಹ್ಯಾಂಡಲ್ ಮೇಲೆ ಕೂರಿಸುವ ಸೈಕಲ್ ಕಂಪ್ಯೂಟರು, ಪೆಡಲ್ ಸುತ್ತು ಎಣಿಸುವ ಸೆನ್ಸರು ಎಲ್ಲ ಚೆಂದವೇ. ತುಳಿಯುವ ಅಭ್ಯಾಸ ಗಟ್ಟಿಯಾದ ಮೇಲೆ ತಗೊಂಡರಾಯಿತು.

ಖರ್ಚು ಮಾಡುವುದಿದ್ದರೆ ಎದೆಬಡಿತ ಅಳೆಯುವ ಸಾಧನಕ್ಕೆ ಮಾಡಿ. ಇದರಲ್ಲಿ ಎರಡು ಬಗೆ. ವಾಚಿನ ಹಿಂಭಾಗದಲ್ಲಿ ಹಸಿರು ದೀಪ ಮಿನುಗುತ್ತದಲ್ಲ, ಅದು ಚರ್ಮದೊಳಗೆ ಬೆಳಕು ಬಿಟ್ಟು, ರಕ್ತ ಉಕ್ಕಿದಾಗೆಲ್ಲ ಮರಳುವ ಬೆಳಕು ಹೇಗೆ ಬದಲಾಗುತ್ತದೆ ಎಂದು ನೋಡಿ ಬಡಿತ ಎಣಿಸುತ್ತದೆ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಕೂತಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಅಂಕಿ ಕೊಡುತ್ತವೆ. ವ್ಯತ್ಯಾಸ ಕಾಣುವುದು ಸೈಕಲ್ ಮೇಲೆ. ಹ್ಯಾಂಡಲ್ ಹಿಡಿದಾಗ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ರಸ್ತೆಯ ಕುಲುಕಾಟ ಕೈಗೆ ಬರುತ್ತದೆ, ಚಳಿಯಲ್ಲಿ ಚರ್ಮಕ್ಕೆ ರಕ್ತ ಕಡಿಮೆ ಹರಿಯುತ್ತದೆ. ಈ ಮೂರೂ ಹಸಿರು ದೀಪದ ಲೆಕ್ಕ ತಪ್ಪಿಸುತ್ತವೆ. ಹಾಗಾಗಿ ವಾಚನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ಎದೆಪಟ್ಟಿಯಾದರೆ ಚರ್ಮಕ್ಕೆ ತಾಗುವ ಕಡೆ ಸ್ವಲ್ಪ ನೀರು ಸವರಿ ಹಾಕಿಕೊಳ್ಳಿ. ಒಣಗಿದ್ದರೆ ಮೊದಲ ಐದು ನಿಮಿಷ ಬಾಯಿಗೆ ಬಂದ ಅಂಕಿ ತೋರಿಸುತ್ತದೆ.

ಹಂತ 4: ಸೆಟ್ಟಿಂಗ್ಸ್

ವಯಸ್ಸು, ತೂಕ, ಎತ್ತರ ನಿಜವಾದದ್ದನ್ನೇ ಹಾಕಿ. ಹಳೇ ತೂಕ ಹಾಕಿ ಖುಷಿಪಡುವುದರಲ್ಲಿ ಅರ್ಥವಿಲ್ಲ. ಶುರು ಮಾಡುವಾಗ ‘ಸೈಕ್ಲಿಂಗ್’ ಎಂಬ ಆಯ್ಕೆಯನ್ನೇ ಒತ್ತಿ. ಮೋಟಾರ್ ಇರುವ ಇ-ಸೈಕಲ್ ಆದರೆ ಅದಕ್ಕೆ ಬೇರೆ ಆಯ್ಕೆ ಇರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ತಾನಾಗಿ ನಿಲ್ಲುವ ಆಟೋ ಪಾಝ್ (auto pause) ಆನ್ ಮಾಡಿದರೆ ತುಳಿದ ನಿಮಿಷ ಮಾತ್ರ ಲೆಕ್ಕಕ್ಕೆ ಬರುತ್ತದೆ. ಚಕ್ರಕ್ಕೆ ಸೆನ್ಸರ್ ಹಾಕಿದ್ದರೆ ಚಕ್ರದ ಸುತ್ತಳತೆಯನ್ನು ಮಿಲಿಮೀಟರಿನಲ್ಲಿ ಕೇಳುತ್ತದೆ. ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಸರಿಯಾಗಿ ಒಂದು ಸುತ್ತು ಉರುಳಿಸಿ, ಟೇಪಿನಲ್ಲಿ ಅಳೆದುಬಿಡಿ.

ಇಲ್ಲಿ ತಪ್ಪದೆ ನೋಡಬೇಕಾದ್ದು ಪ್ರೈವೆಸಿ. ಹಲವು ಆಪ್‌ಗಳಲ್ಲಿ ನೀವು ತುಳಿದ ದಾರಿ ಎಲ್ಲರಿಗೂ ಕಾಣುವಂತೆ ಇರಬಹುದು. 2017ರ ಕೊನೆಯಲ್ಲಿ, ಓಟ, ಸೈಕಲ್ ಸವಾರಿ ಬರೆದಿಡುವ ಆಪ್ ನಡೆಸುವ ಸ್ಟ್ರಾವಾ ಕಂಪನಿ ತನ್ನ ಬಳಕೆದಾರರ ಓಡಾಟವನ್ನೆಲ್ಲ ಸೇರಿಸಿ ಒಂದು ವಿಶ್ವ ನಕ್ಷೆ ಬಿಟ್ಟಿತು. 2018ರ ಜನವರಿಯಲ್ಲಿ ಗೊತ್ತಾಗಿದ್ದು ಏನೆಂದರೆ, ಸೈನಿಕರು ಓಡಿದ ದಾರಿಗಳಿಂದ ಸೇನಾ ನೆಲೆಗಳ ಆಕಾರವೇ ಆ ನಕ್ಷೆಯಲ್ಲಿ ಮೂಡಿತ್ತು. ಸೈನ್ಯದ ಕಥೆಯೇ ಹೀಗಾದರೆ, ದಿನಾ ಒಂದೇ ಹೊತ್ತಿಗೆ ಒಂದೇ ಗೇಟಿನಿಂದ ಹೊರಡುವ ನಮ್ಮ ಕಥೆ? ಮನೆಯ ಸುತ್ತಲಿನ ಜಾಗವನ್ನು ನಕ್ಷೆಯಲ್ಲಿ ಮರೆಮಾಡುವ ಸೆಟ್ಟಿಂಗ್ ಇರುತ್ತದೆ, ಆನ್ ಮಾಡಿ. ಇಲ್ಲವೇ ಎಲ್ಲವನ್ನೂ ‘ನನಗೆ ಮಾತ್ರ’ ಎಂದು ಇಡಿ.

ಹಂತ 5: ಎರಡು ವಾರ ಸುಮ್ನೆ ತುಳಿಯಿರಿ

ಮೊದಲ ಎರಡು ವಾರ ಗುರಿ ಇಡಬೇಡಿ. ವಾರಕ್ಕೆ ಮೂರು ದಿನ, 20 ನಿಮಿಷ, ಸಮತಟ್ಟಾದ ದಾರಿ. ಹಗುರ ಗೇರಿನಲ್ಲಿ ತುಳಿಯಿರಿ. ಭಾರದ ಗೇರಿನಲ್ಲಿ ನಿಧಾನಕ್ಕೆ ಒತ್ತಿ ತುಳಿದರೆ ‘ವ್ಯಾಯಾಮ ಆಯ್ತು’ ಅನ್ನಿಸುತ್ತದೆ ನಿಜ, ಆದರೆ ಭಾರವೆಲ್ಲ ಮಂಡಿಗೆ ಹೋಗುತ್ತದೆ. ನಿಮಿಷಕ್ಕೆ 70ರ ಸುತ್ತಮುತ್ತ ಪೆಡಲ್ ತಿರುಗಲಿ, ಅಭ್ಯಾಸವಾದಂತೆ 80, 90ಕ್ಕೆ ಹೋಗಬಹುದು. ಸೆನ್ಸರ್ ಇಲ್ಲದಿದ್ದರೆ ಬಲಮಂಡಿ 15 ಸೆಕೆಂಡಿನಲ್ಲಿ ಎಷ್ಟು ಸಲ ಮೇಲೆ ಬಂತು ಎಂದು ಎಣಿಸಿ ನಾಲ್ಕರಿಂದ ಗುಣಿಸಿ.

ಈ ಎರಡು ವಾರ ಟ್ರ್ಯಾಕರ್ ಓಡುತ್ತಿರಲಿ, ನೀವು ನೋಡಬೇಡಿ. ನಿಮ್ಮ ‘ಮಾಮೂಲಿ’ ಎಷ್ಟು ಎಂದು ಅದಕ್ಕೆ ಗೊತ್ತಾಗಬೇಕು. ಜೊತೆಗೆ ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ, ಎದೆಬಡಿತ ಬರೆದಿಡಿ. ವಾಚು ಕಟ್ಟಿಕೊಂಡು ಮಲಗಿದರೆ ಅದೇ ಹೇಳುತ್ತದೆ. ದೊಡ್ಡವರಲ್ಲಿ ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 60ರಿಂದ 100 ಸಾಮಾನ್ಯ. ಚೆನ್ನಾಗಿ ಅಭ್ಯಾಸ ಇರುವವರಲ್ಲಿ 60ಕ್ಕಿಂತ ಕಡಿಮೆಯೂ ಇರುತ್ತದೆ.

ಹಂತ 6: ವಾರದ ನಿಮಿಷ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಹೀಗಿದೆ: ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು, ಅಥವಾ 75ರಿಂದ 150 ನಿಮಿಷ ಜೋರು ಶ್ರಮದ್ದು, ಅಥವಾ ಎರಡನ್ನೂ ಸೇರಿಸಿ. ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಹಿಂದೆ ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಎಂದಿತ್ತು. ಆ ಷರತ್ತನ್ನು ಈಗ ತೆಗೆದಿದ್ದಾರೆ. ಅಂದರೆ ಸಾಮಾನು ತರಲು ಏಳು ನಿಮಿಷ ತುಳಿದು ಹೋಗಿ ಬಂದಿದ್ದೂ ಜಮಾ ಆಗುತ್ತದೆ. ಇಂಥ ಸಣ್ಣ ಓಡಾಟಕ್ಕೂ ಟ್ರ್ಯಾಕರ್ ಒತ್ತುವುದನ್ನು ರೂಢಿ ಮಾಡಿಕೊಳ್ಳಿ. ವಾರದ ಕೊನೆಗೆ ಕೂಡಿ ನೋಡಿದರೆ ಆಶ್ಚರ್ಯವಾಗುವಷ್ಟು ಇರುತ್ತದೆ.

150ಕ್ಕೆ ಹೇಗೆ ಹೋಗುವುದು? ಮೂರನೇ, ನಾಲ್ಕನೇ ವಾರ ಮೂರು ದಿನ 30 ನಿಮಿಷ. ಐದನೇ, ಆರನೇ ವಾರ ಅದಕ್ಕೆ ರಜಾದಿನದ ಒಂದು 45 ನಿಮಿಷದ ಸವಾರಿ ಸೇರಿಸಿ, 135 ಆಯಿತು. ಏಳನೇ ವಾರದಿಂದ ಎರಡು ದಿನ 30, ಒಂದು ದಿನ 40, ರಜಾದಿನ ಒಂದು ಗಂಟೆ: 160. ನಡುವೆ ಒಂದು ವಾರ ಜ್ವರ ಬಂತು, ಊರಿಗೆ ಹೋದಿರಿ ಎಂದರೆ ಬಿಟ್ಟ ನಿಮಿಷಗಳನ್ನು ಮುಂದಿನ ವಾರಕ್ಕೆ ಸಾಲದ ಹಾಗೆ ಹೊತ್ತುಕೊಳ್ಳಬೇಡಿ. ನಿಲ್ಲಿಸಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನಿಂದ ಮತ್ತೆ ಶುರು ಮಾಡಿ.

ಬೇರೆ ಗುರಿಗಳಿಗಿಂತ ನಿಮಿಷವನ್ನೇ ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಿಲೋಮೀಟರ್ ಗುರಿ ಇಟ್ಟರೆ ಬೇಗ ಮುಗಿಸುವ ಆತುರ ಬರುತ್ತದೆ. ಎದುರುಗಾಳಿಯ ದಿನ ಅದೇ ದೂರಕ್ಕೆ ಎಷ್ಟೋ ಜಾಸ್ತಿ ಕಷ್ಟಪಡಬೇಕಾಗುತ್ತದೆ. ನಿಮಿಷಕ್ಕೆ ಗಾಳಿಯ ಹಂಗಿಲ್ಲ, ಏರಿನ ಹಂಗಿಲ್ಲ. ಅದನ್ನು ಅಳೆಯುವಾಗ ಯಾವ ಸಾಧನವೂ ತಪ್ಪು ಮಾಡುವುದಿಲ್ಲ.

ಹಂತ 7: ಎದೆಬಡಿತ ಓದುವುದನ್ನು ಕಲಿಯಿರಿ

ಗರಿಷ್ಠ ಎದೆಬಡಿತ ಅಂದಾಜು ಮಾಡಲು ಎಲ್ಲರಿಗೂ ಗೊತ್ತಿರುವ ಸೂತ್ರ 220ರಿಂದ ವಯಸ್ಸು ಕಳೆಯುವುದು. 2001ರಲ್ಲಿ ಬಂದ ಇನ್ನೊಂದು ಸೂತ್ರ, ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವುದು. 40 ವರ್ಷದವರಿಗೆ ಎರಡರಲ್ಲೂ 180 ಬರುತ್ತದೆ. 60 ವರ್ಷದವರಿಗೆ ಮೊದಲನೆಯದು 160 ಅನ್ನುತ್ತದೆ, ಎರಡನೆಯದು 166. ಎರಡೂ ಸರಾಸರಿಗಳೇ. ನಿಮ್ಮ ನಿಜವಾದ ಗರಿಷ್ಠ ಇದಕ್ಕಿಂತ ಹತ್ತು ಹೆಚ್ಚೂ ಇರಬಹುದು, ಹತ್ತು ಕಡಿಮೆಯೂ ಇರಬಹುದು. ಗರಿಷ್ಠದ 50ರಿಂದ 70 ಶೇಕಡಾ ಮಧ್ಯಮ ಶ್ರಮ, 70ರಿಂದ 85 ಜೋರು ಶ್ರಮ ಎಂದು ಇಟ್ಟುಕೊಳ್ಳಿ.

ಸೂತ್ರಕ್ಕಿಂತ ನಂಬಿಕೆಗೆ ಅರ್ಹವಾದ ಪರೀಕ್ಷೆ ಒಂದಿದೆ. ತುಳಿಯುತ್ತಾ ಮಾತಾಡಿ. ಪೂರ್ತಿ ವಾಕ್ಯ ಬರುತ್ತದೆ, ಆದರೆ ಹಾಡು ಹೇಳಲು ಆಗುವುದಿಲ್ಲ ಎಂದರೆ ಮಧ್ಯಮ. ಮೂರು ಪದಕ್ಕೊಮ್ಮೆ ಉಸಿರೆಳೆಯಬೇಕು ಎಂದರೆ ಜೋರು. ಬಿಪಿ, ಹೃದಯದ ತೊಂದರೆಗೆ ಕೊಡುವ ಬೀಟಾ ಬ್ಲಾಕರ್‌ನಂಥ ಮಾತ್ರೆ ತೆಗೆದುಕೊಳ್ಳುವವರ ಎದೆಬಡಿತ ಎಷ್ಟು ಕಷ್ಟಪಟ್ಟರೂ ಅಷ್ಟಾಗಿ ಏರುವುದಿಲ್ಲ. ಅವರು ಅಂಕಿ ಬಿಟ್ಟು ಈ ಮಾತಿನ ಪರೀಕ್ಷೆಯನ್ನೇ ನೆಚ್ಚಿಕೊಳ್ಳಬೇಕು.

ಈಗ ಒಂದು ಗ್ರಾಫು ನೋಡೋಣ. 45 ವರ್ಷದವರ 40 ನಿಮಿಷದ ಸವಾರಿ ಎಂದುಕೊಳ್ಳಿ. ಎರಡನೇ ಸೂತ್ರದ ಪ್ರಕಾರ ಗರಿಷ್ಠ ಸುಮಾರು 176, ಹಾಗಾಗಿ ಮಧ್ಯಮ ಶ್ರಮ 88ರಿಂದ 123. ಮೊದಲ ಐದು ನಿಮಿಷ ಗೆರೆ 90ರಿಂದ 115ಕ್ಕೆ ಮೆಲ್ಲಗೆ ಏರುತ್ತದೆ, ಮೈ ಬಿಸಿಯಾಗುತ್ತಿದೆ. ಆಮೇಲೆ 118, 120, 119 ಎಂದು ಸಮನಾಗಿ ಸಾಗುತ್ತದೆ. ಹದಿನೈದನೇ ನಿಮಿಷಕ್ಕೆ ಒಂದು ಏರು, ಗೆರೆ 148 ಮುಟ್ಟುತ್ತದೆ. ಏರು ಮುಗಿದ ಎರಡು ನಿಮಿಷದಲ್ಲಿ ಮತ್ತೆ 122ಕ್ಕೆ ಇಳಿಯುತ್ತದೆ. ಎಷ್ಟು ಏರಿತು ಎನ್ನುವುದಕ್ಕಿಂತ ಎಷ್ಟು ಬೇಗ ಇಳಿಯಿತು ಎನ್ನುವುದನ್ನು ನೋಡಿ. ವಾರಗಳು ಕಳೆದಂತೆ ಈ ಇಳಿತ ಚುರುಕಾಗುತ್ತದೆ, ಹೃದಯ ಪಳಗುತ್ತಿದೆ ಎಂದು ಅರ್ಥ. ಇಪ್ಪತ್ತೆರಡನೇ ನಿಮಿಷದಲ್ಲಿ, ಇಳಿಜಾರಿನಲ್ಲಿ ಪೆಡಲ್ ತುಳಿಯದೇ ಹೋಗುತ್ತಿರುವಾಗ, ಗೆರೆ ಇದ್ದಕ್ಕಿದ್ದಂತೆ 171ಕ್ಕೆ ನೆಗೆದು ಅರ್ಧ ನಿಮಿಷದಲ್ಲಿ ವಾಪಸು ಬರುತ್ತದೆ. ಮೈಗೆ ಏನೂ ಅನ್ನಿಸಿಲ್ಲದಿದ್ದರೆ ಅದು ಬಹುಪಾಲು ರಸ್ತೆಯ ಕುಲುಕಾಟಕ್ಕೆ ಸೆನ್ಸರ್ ಮೋಸಹೋಗಿದ್ದು. ಹಾಗೆ ಪದೇಪದೇ ಆಗುತ್ತಿದ್ದರೆ, ಅಥವಾ ಎದೆ ಡವಡವ ಅಂದಿದ್ದು ನಿಮಗೂ ಗೊತ್ತಾಗಿದ್ದರೆ, ಗ್ರಾಫನ್ನು ಡಾಕ್ಟರಿಗೆ ತೋರಿಸಿ. ಕೊನೆಯ ಹತ್ತು ನಿಮಿಷ ಅದೇ ವೇಗದಲ್ಲಿ ತುಳಿದರೂ ಗೆರೆ 128ಕ್ಕೆ ಬಂದಿರುತ್ತದೆ. ಬೆವರಿ ಮೈಯ ನೀರು ಕಡಿಮೆಯಾದಾಗ, ಸೆಕೆ ಹೆಚ್ಚಾದಾಗ ಹೀಗೆ ನಿಧಾನಕ್ಕೆ ಏರುವುದು ಸಹಜ. ಮುಂದಿನ ಸಲ ನೀರಿನ ಬಾಟಲಿ ಮರೆಯಬೇಡಿ.

ಎದೆನೋವು, ತಲೆಸುತ್ತು, ಶ್ರಮಕ್ಕೆ ಮೀರಿದ ಏದುಸಿರು ಬಂದರೆ ವಾಚು ಏನೇ ತೋರಿಸುತ್ತಿರಲಿ, ತಕ್ಷಣ ನಿಲ್ಲಿಸಿ ಸಹಾಯ ಕೇಳಿ.

ಬೆಳಗಿನ ಎದೆಬಡಿತದ ಉಪಯೋಗ ಬೇರೆ. ನಿಮ್ಮ ಮಾಮೂಲಿ 66 ಇದ್ದು, ಎರಡು ಮೂರು ದಿನ ಸತತವಾಗಿ 74 ತೋರಿಸುತ್ತಿದ್ದರೆ ನಿದ್ದೆ ಸಾಲದಾಗಿದೆ, ತುಳಿದಿದ್ದು ಜಾಸ್ತಿಯಾಗಿದೆ ಅಥವಾ ಶೀತ, ಜ್ವರ ಬರುವುದರಲ್ಲಿದೆ. ಅವತ್ತು ಹಗುರಕ್ಕೆ ತುಳಿಯಿರಿ, ಇಲ್ಲವೇ ಬಿಡಿ.

ಹಂತ 8: ಬಿಡಬೇಕಾದ ಅಂಕಿಗಳು

ಕ್ಯಾಲೊರಿಯಿಂದ ಶುರು ಮಾಡೋಣ, ಜನ ಹೆಚ್ಚು ನಂಬುವುದು ಅದನ್ನೇ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರ ಕೈಗೆ 7 ಬಗೆಯ ಸಾಧನ ಕಟ್ಟಿ ಪರೀಕ್ಷೆ ಮಾಡಿದರು. ಎದೆಬಡಿತದಲ್ಲಿ 6 ಸಾಧನಗಳ ತಪ್ಪು ಶೇಕಡಾ 5ರ ಒಳಗಿತ್ತು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೇ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಶೇಕಡಾ 93ರಷ್ಟು. ಆಮೇಲೆ ಸಾಧನಗಳು ಸುಧಾರಿಸಿವೆ ಎಂದೇ ಇಟ್ಟುಕೊಳ್ಳಿ, ಮೂಲ ತೊಂದರೆ ಹಾಗೇ ಇದೆ. ವಾಚು ನಿಮ್ಮ ಉಸಿರು ಅಳೆಯುವುದಿಲ್ಲ, ಬಡಿತ ಮತ್ತು ತೂಕದಿಂದ ಊಹೆ ಮಾಡುತ್ತದೆ.

ನೀವೇ ಅಂದಾಜು ಮಾಡಬಹುದು. ಗಂಟೆಗೆ 16ರಿಂದ 19 ಕಿಲೋಮೀಟರ್ ವೇಗದ ಆರಾಮದ ತುಳಿತಕ್ಕೆ, ಸುಮ್ನೆ ಕೂತಿದ್ದಾಗಿನ ಸುಮಾರು 6.8 ಪಟ್ಟು ಶಕ್ತಿ ಬೇಕು. ಸುಮ್ನೆ ಕೂತಿದ್ದಾಗ ಒಂದು ಕಿಲೋ ಮೈತೂಕಕ್ಕೆ ಗಂಟೆಗೆ ಹೆಚ್ಚುಕಮ್ಮಿ ಒಂದು ಕ್ಯಾಲೊರಿ. 65 ಕಿಲೋ ಇರುವವರು ಅರ್ಧ ಗಂಟೆ ತುಳಿದರೆ 221. ಆದರೆ ಆ ಅರ್ಧ ಗಂಟೆ ಕುರ್ಚಿಯಲ್ಲಿ ಕೂತಿದ್ದರೂ 32 ಖರ್ಚಾಗುತ್ತಿತ್ತು. ಹಾಗಾಗಿ ತುಳಿದಿದ್ದರಿಂದ ಹೆಚ್ಚುವರಿ ಖರ್ಚಾಗಿದ್ದು 190ರ ಹತ್ತಿರ. ವಾಚು 400 ಎಂದು ತೋರಿಸಿದೆ ಎಂದು 400ರಷ್ಟು ಹೆಚ್ಚಿಗೆ ತಿಂದರೆ ತೂಕ ಇಳಿಯುವುದಿಲ್ಲ, ಬೈಗುಳ ಮಾತ್ರ ಸೈಕಲ್ಲಿಗೆ.

ಸರಾಸರಿ ವೇಗವೂ ಇಂಥದ್ದೇ. 10 ಕಿಲೋಮೀಟರ್ ಎದುರುಗಾಳಿಯಲ್ಲಿ ಗಂಟೆಗೆ 15ರಂತೆ ಹೋದಿರಿ, ಗಾಳಿ ಬೆನ್ನಿಗಿದ್ದು 30ರಂತೆ ವಾಪಸು ಬಂದಿರಿ. ಸರಾಸರಿ 22.5 ಅಲ್ಲ, 20. ಹೋಗಲು 40 ನಿಮಿಷ, ಬರಲು 20 ನಿಮಿಷ ಹಿಡಿಯಿತಲ್ಲ. ಅದೂ ಅಲ್ಲದೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ (ವೇಗ × ವೇಗ × ವೇಗ) ತಕ್ಕಂತೆ ಏರುತ್ತದೆ. 20ರಿಂದ 25ಕ್ಕೆ ಹೋದರೆ ಗಾಳಿಗೆ ಕೊಡಬೇಕಾದ ಶಕ್ತಿ ಹೆಚ್ಚುಕಮ್ಮಿ ಎರಡು ಪಟ್ಟು. ಮೊದಲ ತಿಂಗಳಲ್ಲಿ ಸರಸರ ಏರಿದ ವೇಗ ಆಮೇಲೆ ಯಾಕೋ ಏರುತ್ತಿಲ್ಲ ಅನ್ನಿಸಿದರೆ ಅದಕ್ಕೆ ಇದೇ ಮುಖ್ಯ ಕಾರಣ. ಸೋತಿರಿ ಅಂತಲ್ಲ.

ಹೆಜ್ಜೆಗಳ ಲೆಕ್ಕ? ಸೈಕಲ್ ಮೇಲೆ ಕೈ ಬೀಸುವುದಿಲ್ಲವಾದ್ದರಿಂದ ಅದು ಇಲ್ಲಿ ಕೆಲಸಕ್ಕೆ ಬಾರದು. 10,000 ಹೆಜ್ಜೆ ಎಂಬ ಗುರಿಯೂ ವಿಜ್ಞಾನಿಗಳು ಇಟ್ಟಿದ್ದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆಮಾಪಕದ ಪ್ರಚಾರದಿಂದ ಹಬ್ಬಿದ್ದು. ತುಳಿದ ದಿನ ಹೆಜ್ಜೆ ಕಡಿಮೆಯಾಗಿದ್ದರೆ ಚಿಂತೆ ಬೇಡ.

ಒಂದು ದಿನವೂ ತಪ್ಪದ ‘ಸ್ಟ್ರೀಕ್’ ಬಗ್ಗೆ ನನಗೆ ಒಳ್ಳೇ ಅಭಿಪ್ರಾಯ ಇಲ್ಲ. ಮೈ ಬಲವಾಗುವುದು ವಿಶ್ರಾಂತಿಯಲ್ಲಿ. ಸ್ಟ್ರೀಕ್ ಅದನ್ನೇ ಅಪರಾಧ ಮಾಡಿಬಿಡುತ್ತದೆ. ಸಾಧ್ಯವಿದ್ದರೆ ದಿನದ ಗುರಿಯನ್ನು ಆಫ್ ಮಾಡಿ ವಾರದ ಗುರಿ ಇಡಿ.

ಹಂತ 9: ನೋವು ಬಂದರೆ

ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಿರಬಹುದು ಅಥವಾ ಗೇರು ಭಾರವಿರಬಹುದು. ಮಂಡಿಯ ಹಿಂಭಾಗವಾದರೆ ಸೀಟು ಹೆಚ್ಚು ಎತ್ತರವಾಗಿದೆ. ಕುತ್ತಿಗೆ, ಭುಜ ಹಿಡಿದುಕೊಂಡರೆ ಹ್ಯಾಂಡಲ್ ದೂರವಾಗಿದೆ ಅಥವಾ ನೀವು ಮೊಣಕೈ ಬಿಗಿಹಿಡಿದು ಕೂತಿದ್ದೀರಿ. ಕೂರುವ ಮೂಳೆಗಳ ನೋವು ಮೊದಲ ಕೆಲವು ವಾರ ಎಲ್ಲರಿಗೂ ಇರುತ್ತದೆ. ಅದಕ್ಕೆಂದು ಮೆತ್ತನೆಯ ದಪ್ಪ ಸೀಟು ಹಾಕಿಸುವವರು ಬಹಳ. ಮೆತ್ತೆ ಜಾಸ್ತಿಯಾದರೆ ಮೂಳೆ ಅದರಲ್ಲಿ ಹುದುಗಿ, ಒತ್ತಡವೆಲ್ಲ ನಡುವಿನ ಸೂಕ್ಷ್ಮ ಜಾಗಕ್ಕೆ ಬೀಳುತ್ತದೆ. ನಿಮ್ಮ ಮೂಳೆಗಳ ಅಗಲಕ್ಕೆ ಸರಿಯಾದ, ಸ್ವಲ್ಪ ಗಟ್ಟಿ ಸೀಟು ದೀರ್ಘಕಾಲಕ್ಕೆ ಒಳ್ಳೆಯದು. ಮರಗಟ್ಟುವಿಕೆ ಬಂದರೆ ಮಾತ್ರ ಸಹಿಸಿಕೊಂಡು ಕೂರಬೇಡಿ, ಸೀಟಿನ ಕೋನ ಬದಲಿಸಿ, ನಡುನಡುವೆ ಎದ್ದು ನಿಂತು ತುಳಿಯಿರಿ.

ಬರೀ ಸೈಕಲ್ಲೇ ಸಾಕು ಅಂತಲೂ ಅಲ್ಲ. ಮೈಭಾರವನ್ನು ಸೈಕಲ್ಲು ಹೊರುವುದರಿಂದ ಕೀಲುಗಳಿಗೆ ಸುಖ, ಆದರೆ ಮೂಳೆ ಗಟ್ಟಿಯಾಗಲು ಬೇಕಾದ ಒತ್ತಡ ಸಿಗುವುದಿಲ್ಲ. ಬಸ್ಕಿ, ದಂಡ, ಮೆಟ್ಟಿಲು ಹತ್ತುವುದು, ಹೀಗೆ ಏನಾದರೂ ವಾರಕ್ಕೆ ಎರಡು ದಿನ ಇರಲಿ.

ಹಂತ 10: ತಿಂಗಳಿಗೊಮ್ಮೆ ಲೆಕ್ಕ

ಸುಧಾರಣೆ ತಿಳಿಯಲು ಒಂದೇ ದಾರಿ ಆರಿಸಿಕೊಳ್ಳಿ. ಸಿಗ್ನಲ್ ಇಲ್ಲದ, ಐದಾರು ಕಿಲೋಮೀಟರಿನ ಸುತ್ತು ಆದರೆ ಒಳ್ಳೆಯದು, ಹೊರಟಲ್ಲಿಗೇ ಬಂದರೆ ಗಾಳಿಯ ಪ್ರಭಾವ ಸ್ವಲ್ಪ ಕಡಿಮೆ. ತಿಂಗಳಿಗೊಮ್ಮೆ, ಅದೇ ಹೊತ್ತಿಗೆ, ಗಾಳಿ ಜೋರಿಲ್ಲದ ದಿನ, ಎದೆಬಡಿತವನ್ನು 120ರ ಹತ್ತಿರ (ಅಥವಾ ನಿಮ್ಮ ಮಾತಾಡುವ ಮಿತಿ ಎಷ್ಟೋ ಅಲ್ಲಿ) ಹಿಡಿದು ತುಳಿಯಿರಿ. ಎಷ್ಟು ನಿಮಿಷ ಹಿಡಿಯಿತು ಬರೆದಿಡಿ. ಅದೇ ಬಡಿತಕ್ಕೆ ಸಮಯ ಕಡಿಮೆಯಾಗುತ್ತಿದ್ದರೆ ನೀವು ಸುಧಾರಿಸುತ್ತಿದ್ದೀರಿ. ಜೀವ ಬಿಟ್ಟು ತುಳಿದು ರೆಕಾರ್ಡ್ ಮಾಡುವ ಪರೀಕ್ಷೆ ಹೊಸಬರಿಗೆ ಬೇಡ.

ಟ್ರ್ಯಾಕರಿನಿಂದ ಸೈಕಲ್ಲಿಗೂ ಒಂದು ಉಪಕಾರ ಆಗುತ್ತದೆ. ಹಲವು ಆಪ್‌ಗಳಲ್ಲಿ ಸೈಕಲ್ಲಿನ ಹೆಸರು ಹಾಕಿ ಒಟ್ಟು ಓಡಿದ ಕಿಲೋಮೀಟರ್ ಇಡಬಹುದು. ಪ್ರತಿ 200 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ತುಳಿದಿದ್ದರೆ ಮನೆಗೆ ಬಂದ ಕೂಡಲೇ, ಚೈನನ್ನು ಬಟ್ಟೆಯಲ್ಲಿ ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಚೈನ್ ಎಣ್ಣೆ ಬಿಟ್ಟು, ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದ ಎಣ್ಣೆಯನ್ನು ಮತ್ತೆ ಒರೆಸಿಬಿಡಿ. ಒರೆಸದಿದ್ದರೆ ದೂಳು ಅಂಟಿ ಚೈನು ಬೇಗ ಸವೆಯುತ್ತದೆ. ಸವೆತ ಅಳೆಯಲು ಉಕ್ಕಿನ ಸ್ಕೇಲು ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಇಪ್ಪತ್ತನಾಲ್ಕು ಪಿನ್ನು ಆಚೆಗಿನ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು. ಅದು 12 ಇಂಚು ದಾಟಿ ಮತ್ತೂ ಇಂಚಿನ ಹದಿನಾರನೇ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ದಾಟುವವರೆಗೆ ಬಿಟ್ಟರೆ ಹಿಂದಿನ ಹಲ್ಲುಚಕ್ರಗಳನ್ನೂ ಸೇರಿಸಿ ಬದಲಿಸಬೇಕಾಗುತ್ತದೆ.